ನಾಲ್ಕು ಎಣಿಸುವಷ್ಟು ಹೊತ್ತು

ಜೂನ್ 3

ಅಪ್ಪ,

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಾನು ಕಿರುಚಿದರೆ ಹಾಸ್ಟೆಲಿನ ಮೂರು ಮಹಡಿಗೂ ಕೇಳಿಸುತ್ತದೆ. ಹತ್ತೊಂಬತ್ತು ವರ್ಷ ಕ್ರೇನಿನ ಸದ್ದು ತಿಂದ ಕಿವಿಗೆ ಕಾಗದವೇ ಸರಿ ಎಂದು ಅಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ನೀವು ಉತ್ತರ ಬರೆಯುತ್ತೀರಿ ಎಂಬ ನಂಬಿಕೆಯಿಂದಲ್ಲ.

ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಇನ್ನು ನಾಲ್ಕು ತಿಂಗಳಿಗೆ ತೀರ್ಮಾನ. ಈ ಎರಕದ ಶೆಡ್ಡು ನಿಮ್ಮ ಹಳೆ ಕಾರ್ಖಾನೆಗಿಂತ ದೊಡ್ಡದು. ಮಾಡಿನ ಕೆಳಗೆ ಹಳಿ, ಹಳಿಯ ಮೇಲೆ ಕ್ರೇನು, ಕ್ರೇನಿಗೆ ನೇತುಬಿದ್ದ ಗಾಜಿನ ಪೆಟ್ಟಿಗೆ, ಅದರೊಳಗೆ ನಾನು. ಹತ್ತಲು ಮೂವತ್ತೆಂಟು ಮೆಟ್ಟಿಲಿನ ಕಬ್ಬಿಣದ ಏಣಿ. ಇದುವರೆಗೆ ಒಬ್ಬ ಹೆಂಗಸೂ ಅದನ್ನು ಹತ್ತಿರಲಿಲ್ಲವಂತೆ. ಮೊದಲ ದಿನ ಕೆಳಗೆ ನಲವತ್ತು ಜನ ಕತ್ತೆತ್ತಿ ನಿಂತಿದ್ದರು, ನಾನು ಬೀಳುವುದನ್ನು ನೋಡಲು. ಬೀಳಲಿಲ್ಲ. ಬೇಜಾರಾಗಿ ಕೆಲಸಕ್ಕೆ ಹೋದರು.

ನಿಮ್ಮನ್ನು ಒಂದು ವಿಷಯ ಕೇಳಬೇಕು. ನನಗೆ ಕೆಳಗಿನಿಂದ ಕೈಸನ್ನೆ ಕೊಡುವ ಸಿಗ್ನಲ್‌ಮ್ಯಾನ್ ಒಬ್ಬರಿದ್ದಾರೆ. ವಯಸ್ಸು ನಿಮ್ಮಷ್ಟೇ ಇರಬಹುದು. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಸಲಾಮಣ್ಣ ಅನ್ನುತ್ತಾರೆ. ಯಾಕೆಂದರೆ ಪ್ರತಿಯೊಂದು ಲೋಡು ಎತ್ತಿಸುವ ಮುಂಚೆ ಅವರು ತಲೆಯಿಂದ ಹೆಲ್ಮೆಟ್ ತೆಗೆಯುತ್ತಾರೆ. ಮೇಲೆ ನನ್ನನ್ನೇ ನೋಡುತ್ತಾರೆ. ನಾನು ಎಣಿಸಿದ್ದೇನೆ, ಒಂದು, ಎರಡು, ಮೂರು, ನಾಲ್ಕು. ಆಮೇಲೆ ಹೆಲ್ಮೆಟ್ ಹಾಕಿಕೊಂಡು, ಬಲಗೈ ಮೇಲೆತ್ತಿ, ತೋರುಬೆರಳು ತಿರುಗಿಸಿ 'ಎತ್ತು' ಅನ್ನುತ್ತಾರೆ. ದಿನಕ್ಕೆ ನಲವತ್ತು ಲೋಡು, ನಲವತ್ತು ಸಲಾಮು.

ಇದಕ್ಕೆ ಶೆಡ್ಡಿನಲ್ಲಿ ಹತ್ತು ಕಥೆಯಿವೆ. ವೆಲ್ಡರ್ ಹೇಳುತ್ತಾನೆ, "ಆಡಳಿತದವರಿಗೆ ಅಣಕ ಕಣಕ್ಕ ಅದು. ಮುದುಕ ಮಹಾ ಕಿಲಾಡಿ." ಕ್ಯಾಂಟೀನಿನ ಅಕ್ಕನ ಪ್ರಕಾರ ಅವರು ಸತ್ತ ಹೆಂಡತಿಯನ್ನು ನೆನೆಯುತ್ತಾರೆ. ಅವರ ಹೆಂಡತಿ ಬದುಕಿದ್ದಾರೆ, ಮಧ್ಯಾಹ್ನದ ಬುತ್ತಿ ಕಟ್ಟಿಕೊಡುವವರು ಅವರೇ ಎಂದರೂ ಅಕ್ಕ ಒಪ್ಪುವುದಿಲ್ಲ. ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಸೀಟಿ, ಮಾತಾಡುವುದಕ್ಕಿಂತ ಸೀಟಿ ಊದುವುದೇ ಹೆಚ್ಚು. ಅವನ ಪ್ರಕಾರ ಇದು ಬರೀ ಕೊಬ್ಬು.

ನನ್ನ ಲೆಕ್ಕ ಬೇರೆ. ಹುಡುಗಿ ಎಚ್ಚರವಾಗಿದ್ದಾಳೋ, ಕನ್ನಡಿ ನೋಡಿಕೊಳ್ಳುತ್ತಿದ್ದಾಳೋ ಎಂದು ಪರೀಕ್ಷೆ ಮಾಡುತ್ತಾರೆ. ಗಂಡಸಾಗಿದ್ದರೆ ಹೀಗೆ ಮಾಡುತ್ತಿದ್ದರಾ? ಮೈಯೆಲ್ಲ ಉರಿಯುತ್ತದೆ.

ಇನ್ನೊಂದು. ಕೈಗವಸು ಎಂದೂ ಬಿಚ್ಚುವುದಿಲ್ಲ. ಎರಡು ಬೆರಳು ಮಡಚುವುದೇ ಇಲ್ಲ. ಮೇಲಿನಿಂದ ನನಗೆ ಚೆನ್ನಾಗಿ ಕಾಣುತ್ತದೆ.

ನಿಮ್ಮ ಕಾಲದಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರಾ? ಇದು ಹಳಬರ ಪದ್ಧತಿಯಾ?

ನಿಮ್ಮ ಮಗಳು

*

ಜೂನ್ 14

ಪ್ರಿಯ ಮಗಳೇ,

ನಿನ್ನ ಪತ್ರ ತಲುಪಿತು. ಕ್ರೇನಿನ ಗಾಜಿನ ಪೆಟ್ಟಿಗೆ ಗಂಡಸರ ಜಹಗೀರು ಎಂದುಕೊಂಡವರ ಮುಖಕ್ಕೆ ನೀನು ಬಾರಿಸಿದ್ದೀಯ. ನನಗೆ ಹೆಮ್ಮೆ.

ಆದರೆ ಒಂದು ಮಾತು ಮರೆಯಬೇಡ. ಆಡಳಿತ ವರ್ಗ ನಮ್ಮನ್ನು ಒಡೆಯುವುದು ಇಂಥ ಸಣ್ಣ ಸಂದುಗಳಲ್ಲೇ. ಮೇಲೆ ಕೂತವಳು, ಕೆಳಗೆ ನಿಂತವನು. ಹೆಣ್ಣು, ಗಂಡು. ಕಾಯಂ, ಹಂಗಾಮಿ. ಪ್ರತಿ ಸಂದಿಗೂ ಅವರು ಒಂದು ಹಾರೆ ತೂರಿಸುತ್ತಾರೆ. ಆ ಸಿಗ್ನಲ್‌ಮ್ಯಾನ್ ನಿನ್ನ ಶತ್ರುವಲ್ಲ. ಅವನ ಬೆವರೂ ನಿನ್ನ ಬೆವರೂ ಒಂದೇ ನೆಲಕ್ಕೆ ಬೀಳುತ್ತದೆ. ಅವನ ವಿರುದ್ಧ ಬಾಯಿ ತೆರೆಯುವ ಮುಂಚೆ ಎರಡು ಸಲ ಯೋಚಿಸು. ಒಗ್ಗಟ್ಟೊಂದೇ ನಮ್ಮ ಆಸ್ತಿ.

ಚೆನ್ನಾಗಿ ಊಟ ಮಾಡು.

ಹೋರಾಟದ ವಂದನೆಗಳೊಂದಿಗೆ,
ನಿನ್ನ ಅಪ್ಪ

ಅಮ್ಮ ಇದನ್ನು ಓದಿ, "ಅವಳು ಕೇಳಿದ್ದೇನು, ನೀವು ಬರೆದಿದ್ದೇನು? ಮೈಕ್ ಒಂದು ಕಮ್ಮಿ" ಅನ್ನುತ್ತಿದ್ದಾಳೆ.

ಯಾವ ಕೈ? ಯಾವ ಎರಡು ಬೆರಳು?

*

ಜೂನ್ 27

ಅಪ್ಪ,

ಅಮ್ಮನಿಗೆ ನನ್ನ ಹೋರಾಟದ ವಂದನೆ ತಿಳಿಸಿ.

ನಾನು ಒಂದು ಪ್ರಶ್ನೆ ಕೇಳಿದೆ. ನೀವು ಒಂದು ಸಭೆ ನಡೆಸಿದಿರಿ. ಇದು ಹೊಸದಲ್ಲ. ನನಗೆ ಏಳು ವರ್ಷವಿದ್ದಾಗ ನೀವು ಊಟದ ಮೇಜಿನ ಮೇಲೆ ಕರಪತ್ರ ಬರೆಯುತ್ತಾ ಕೂತಿರುತ್ತಿದ್ದಿರಿ. ನಾನು ಶಾಲೆಯ ಕಥೆ ಹೇಳುತ್ತಿದ್ದೆ. ನೀವು "ಹ್ಞೂಂ" ಅನ್ನುತ್ತಿದ್ದಿರಿ. ಒಂದು ದಿನ ಪರೀಕ್ಷೆ ಮಾಡಬೇಕೆನಿಸಿತು. "ಅಪ್ಪಾ, ನಾನು ಇವತ್ತು ಬಾವಿಗೆ ಬಿದ್ದು ಸತ್ತೋದೆ" ಅಂದೆ. ನೀವು ತಲೆಯೆತ್ತದೆ, "ಹ್ಞೂಂ, ಆಮೇಲೆ?" ಅಂದಿರಿ. ಅಮ್ಮ ಅಡುಗೆಮನೆಯಲ್ಲಿ ನಕ್ಕೂ ನಕ್ಕೂ ಕೂತುಬಿಟ್ಟಳು. ನಾನು ನಗಲಿಲ್ಲ. ಊರಿನ ನೋವೆಲ್ಲ ಕೇಳಿಸುತ್ತಿದ್ದ ಕಿವಿಗೆ ಮೇಜಿನ ಆಚೆ ಬದಿಯಿಂದ ಬಂದ ದನಿ ಕೇಳುತ್ತಿರಲಿಲ್ಲ. ಕಿವಿ ಹಾಳಾಗಿದ್ದು ಆಮೇಲೆ.

ಎಡಗೈ. ಕಿರುಬೆರಳು, ಅದರ ಪಕ್ಕದ್ದು. ಯಾಕೆ ಕೇಳಿದಿರಿ?

ಈಗ ನಿಜವಾದ ತಲೆನೋವು. ಶೆಡ್ಡಿನ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ. ಕೆಲಸದ ಜಾಗದಲ್ಲಿ ಹೆಲ್ಮೆಟ್ ತೆಗೆದವರಿಗೆ ಮೂರು ಎಚ್ಚರಿಕೆ, ಆಮೇಲೆ ಮನೆ. ಸಲಾಮಣ್ಣನಿಗೆ ಎರಡು ಮುಂಚೆಯೇ ಬಂದಿವೆ. ಮೂರನೆಯದು ಮೊನ್ನೆ ಕೈಗೆ ಕೊಟ್ಟರು. ಆಗಸ್ಟ್ ಹತ್ತಕ್ಕೆ ವಿಚಾರಣೆ. ಸೀಟಿ ನನ್ನನ್ನು ತನ್ನ ಕೋಣೆಗೆ ಕರೆದು ಟೈಪು ಮಾಡಿಟ್ಟ ಕಾಗದ ಮುಂದೆ ತಳ್ಳಿದ. 'ಸದರಿಯವರು ಹೆಲ್ಮೆಟ್ ತೆಗೆಯುವುದರಿಂದ ನನ್ನ ಗಮನ ಕದಡುತ್ತದೆ, ಕೆಲಸ ನಿಧಾನವಾಗುತ್ತದೆ.' ಕೆಳಗೆ ನನ್ನ ಹೆಸರು, ಅದರ ಮೇಲೆ ಸಹಿಗೆ ಜಾಗ.

"ನೀನು ಸಹಿ ಹಾಕಮ್ಮ, ನಿನ್ನ ಕಾಯಂ ಆರ್ಡರ್ರು ನಾನೇ ತಂದುಕೊಡ್ತೀನಿ."

"ಅವರ ಜಾಗಕ್ಕೆ ಯಾರು ಬರ್ತಾರೆ ಸರ್?"

"ಯಾರೂ ಇಲ್ಲ. ಕೊಕ್ಕೆಗೆ ಕ್ಯಾಮೆರಾ, ನಿನ್ನ ಕ್ಯಾಬಿನ್ನಲ್ಲಿ ಪರದೆ. ಅದು ಸಲಾಮೂ ಹೊಡೆಯಲ್ಲ, ಸಂಘನೂ ಕಟ್ಟಲ್ಲ."

ಕಾಗದ ನನ್ನ ಚೀಲದಲ್ಲಿದೆ. ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ. ಸುಳ್ಳು ಯಾಕೆ, ಆ ನಾಲ್ಕು ಎಣಿಕೆ ನನಗೆ ನಿಜವಾಗಿಯೂ ಕಿರಿಕಿರಿ. ಮೂರು ತಿಂಗಳಿಂದ ನಾವಿಬ್ಬರೂ ಇಡೀ ದಿನ ಕೈಯಲ್ಲಿ ಮಾತಾಡುತ್ತೇವೆ. ಬಾಯಲ್ಲಿ ಒಂದು ಮಾತೂ ಆಡಿಲ್ಲ. ಅವರು ಬರುವ ಮುಂಚೆ ನಾನು ಏಣಿ ಹತ್ತಿರುತ್ತೇನೆ. ನಾನು ಇಳಿಯುವಷ್ಟರಲ್ಲಿ ಅವರು ಗೇಟು ದಾಟಿರುತ್ತಾರೆ.

ಏನು ಮಾಡಲಿ? ಭಾಷಣ ಬೇಡ.

ಮಗಳು

*

ಜುಲೈ 2

ಸಹಿ ಹಾಕಬೇಡ. ಕಾರಣ ಕೇಳಬೇಡ.

ಅಪ್ಪ

ಮಗಾ, ನಾನು ಅಮ್ಮ. ನಿನ್ನ ಕಾಗದ ಓದಿದಾಗಿನಿಂದ ಇವರು ಮನುಷ್ಯರ ಹಾಗಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆ ಫೋಟೋ ಹರಡಿಕೊಂಡು ಕೂತಿದ್ದಾರೆ. ಕೇಳಿದರೆ "ಧೂಳು ಹೊಡೀತಿದೀನಿ" ಅಂತಾರೆ. ಮದುವೆಯಾಗಿ ಮೂವತ್ತು ವರ್ಷ ಆಯ್ತು, ಈ ಮನುಷ್ಯ ಧೂಳು ಹೊಡೆದಿದ್ದು ನಾನು ಕಾಣೆ. ನೀನು ಹುಷಾರು.

*

ಜುಲೈ 15

ಅಪ್ಪ,

'ಕಾರಣ ಕೇಳಬೇಡ' ಅನ್ನುತ್ತೀರಾ? ನೀವು? ಮ್ಯಾನೇಜರನ ಮೂತಿಯ ಮುಂದೆ ನಿಂತು ಕಾರಣ ಕೇಳು ಎಂದು ಸಾವಿರಾರು ಜನಕ್ಕೆ ಹೇಳಿಕೊಟ್ಟ ಬಾಯಿಂದ ಮಗಳಿಗೆ ಬಂದ ಮಾತು ಇದಾ?

ಹೇಳದಿದ್ದರೆ ಬಿಡಿ, ನನಗೂ ಕಣ್ಣಿದೆ. ಕಳೆದ ವಾರ ಬೇಕೆಂದೇ ಮಧ್ಯಾಹ್ನ ಬೇಗ ಇಳಿದೆ. ಶೆಡ್ಡಿನ ಹಿಂದೆ ಕೈತೊಳೆಯುವ ನಲ್ಲಿಗಳ ಸಾಲಿದೆ. ಸಲಾಮಣ್ಣ ಕೊನೆಯ ನಲ್ಲಿಯಲ್ಲಿ ನಿಂತಿದ್ದರು. ಕೈಗವಸು ಬಿಚ್ಚಿ ಕಟ್ಟೆಯ ಮೇಲಿಟ್ಟಿದ್ದರು. ಬಿಚ್ಚಿಟ್ಟ ಕೈಗವಸಿನ ಎರಡು ಬೆರಳು ಹಾಗೇ ನೆಟ್ಟಗೆ ನಿಂತಿದ್ದವು. ಒಳಗೆ ಹತ್ತಿ ತುರುಕಿದ್ದಾರೆ. ತೊಳೆಯುತ್ತಿದ್ದ ಕೈಯಲ್ಲಿ ಮೂರೇ ಬೆರಳು.

ಅಪ್ಪ, ಆಗ ನನಗೆ ಐದು ವರ್ಷ. ಗೇಟಿನ ಮುಂದೆ ನಿಮ್ಮ ಹೆಗಲ ಮೇಲೆ ಕೂತಿದ್ದೆ. "ಆ ಎರಡು ಬೆರಳು ಎಲ್ಲಿ?" ಎಂದು ನೀವು ಕೂಗುತ್ತಿದ್ದಿರಿ. "ಎಲ್ಲಿ? ಎಲ್ಲಿ?" ಎಂದು ಇಡೀ ರಸ್ತೆ ಕೂಗುತ್ತಿತ್ತು. ನಾನು ಹೆದರಿ ನನ್ನ ಬೆರಳು ಎಣಿಸಿಕೊಂಡಿದ್ದೆ. ಆ ಭಾಷಣ ಈಗಲೂ ನನಗೆ ಬಾಯಿಪಾಠ. ಆ ಮನುಷ್ಯನ ಮುಖ ಮಾತ್ರ ನೆನಪಿಲ್ಲ.

ನಾನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು. ಮುಚ್ಚಿಕೊಳ್ಳಲಿಲ್ಲ. ನಿಧಾನವಾಗಿ ಕೈ ಒರೆಸಿಕೊಂಡು ಕೈಗವಸು ಹಾಕಿಕೊಂಡರು. ಆಮೇಲೆ ಕೇಳಿದರು:

"ನಿಮ್ಮಪ್ಪ ಹೆಂಗಿದಾನಮ್ಮ?"

"ನಿಮಗೆ ನಮ್ಮಪ್ಪ ಗೊತ್ತಾ?"

"ನೀನು ಹತ್ತಿದ ಮೊದಲನೇ ದಿನಾನೇ ಗೊತ್ತಾಯ್ತು. ಎಡಮೊಣಕೈ ಕಿಟಕಿಗೆ ಆನಿಸಿ ಕೂರ್ತೀಯಲ್ಲ. ಥೇಟು ಅವನೇ."

ಅಷ್ಟೇ ಹೇಳಿ ಹೋದರು. ಸೈರನ್ ಆಯಿತು. ನಾನು ಏಣಿ ಹತ್ತಿದೆ. ಕೆಳಗೆ ಹೆಲ್ಮೆಟ್ ತೆಗೆದರು. ಒಂದು, ಎರಡು, ಮೂರು, ನಾಲ್ಕು.

ಅವರೇ ತಾನೇ? ಆ ನಾಲ್ಕು ಎಣಿಕೆಗೂ ನಿಮಗೂ ಏನು ಸಂಬಂಧ? ವಿಚಾರಣೆಗೆ ಇನ್ನು ಇಪ್ಪತ್ತಾರು ದಿನ. ಸಹಿ ಹಾಕದಿದ್ದರೆ ನನ್ನ ಕೆಲಸ ಹೋಗಬಹುದು. ಯಾವುದಕ್ಕಾಗಿ ಕಳೆದುಕೊಳ್ಳುತ್ತಿದ್ದೇನೆ ಎಂದು ತಿಳಿಯುವ ಹಕ್ಕು ನನಗಿದೆ.

ಮಗಳು

*

ಜುಲೈ 30

ಮಗಳೇ,

ಅವನೇ.

ಹದಿನೈದು ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ. ಐದು ಸಲ ಹರಿದೆ. ಪ್ರತಿ ಸಲವೂ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಬಂಡವಾಳಶಾಹಿ ಬಂದುಬಿಡುತ್ತಿತ್ತು. "ಅದನ್ನ ಹೊರಗಿಟ್ಟು ಬರೀರಿ" ಅಂದಳು ನಿಮ್ಮಮ್ಮ. ಹೊರಗಿಟ್ಟಿದ್ದೇನೆ.

ನಾವಿಬ್ಬರೂ ಒಂಬತ್ತು ವರ್ಷ ಜೊತೆಗೆ ಕೆಲಸ ಮಾಡಿದೆವು. ಮೇಲೆ ನಾನು, ಕೆಳಗೆ ಅವನು. ಹೊರಗಿನಿಂದ ಯಾರಾದರೂ ಕಾರ್ಖಾನೆ ನೋಡಲು ಬಂದರೆ ನಮ್ಮ ಕೆಲಸ ತೋರಿಸಲು ಕರೆತರುತ್ತಿದ್ದರು. ಅವನ ಕೈ ಪೂರ್ತಿ ಏಳುವ ಮುಂಚೆ ಕೊಕ್ಕೆ ಏಳುತ್ತಿತ್ತು. "ಒಂದೇ ಮೈ, ಎರಡು ತಲೆ" ಅನ್ನುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ.

ಅದರ ಅರ್ಥ ಏನು ಗೊತ್ತಾ? ನಾನು ಅವನನ್ನು ನೋಡುವುದನ್ನೇ ಬಿಟ್ಟಿದ್ದೆ. ನೋಡುವ ಅಗತ್ಯವೇ ಇಲ್ಲ ಅಂದುಕೊಂಡಿದ್ದೆ. ಮುಂದೆ ಏನು ಹೇಳುತ್ತಾನೆ ಎಂದು ನನಗೆ ಮೊದಲೇ ಗೊತ್ತಿತ್ತು. ಹೊಸಬನಾಗಿದ್ದರೆ ಕಣ್ಣು ಕೀಳದೆ ನೋಡುತ್ತಿದ್ದೆ. ಒಂಬತ್ತು ವರ್ಷದ ಗೆಳೆಯನನ್ನು ಓರೆಗಣ್ಣಲ್ಲಿ ನೋಡಿದರೆ ಸಾಕಾಗಿತ್ತು.

ಆ ದಿನ ಸಂಜೆ ಗೇಟ್ ಸಭೆಯಿತ್ತು. ನಾನು ಕ್ರೇನಿನ ಪೆಟ್ಟಿಗೆಯಲ್ಲಿ ಕೂತು ಭಾಷಣದ ಕೊನೆಯ ಸಾಲು ಹುಡುಕುತ್ತಿದ್ದೆ. ಕಾರ್ಮಿಕರ ಸುರಕ್ಷತೆಯ ಬಗ್ಗೆಯೇ ಭಾಷಣ. ಓರೆಗಣ್ಣಿಗೆ ಅವನ ಬಲಗೈ ಮೇಲೆದ್ದಿದ್ದು ಕಂಡಿತು. ಎತ್ತಿದೆ. ಅವನ ಎಡಗೈ ಇನ್ನೂ ಸರಪಳಿಗೂ ಕೊಕ್ಕೆಗೂ ನಡುವೆ ಇತ್ತು.

ಸರಪಳಿ ಸವೆದಿತ್ತು. ಅದು ಸುಳ್ಳಲ್ಲ. ಎರಡು ವರ್ಷದಿಂದ ಬದಲಾಯಿಸಿ ಎಂದು ಬರೆದು ಬರೆದು ಸಾಕಾಗಿತ್ತು. ಆದರೆ ಆ ದಿನ ಸರಪಳಿ ಜಾರಲಿಲ್ಲ. ಜಾರಿತು ಎಂದು ನಾನು ಹೇಳಿದೆ. ಆಸ್ಪತ್ರೆಗೆ ಹೋಗಿ ಅವನ ಮಂಚದ ಪಕ್ಕ ನಿಂತು, ವಿಚಾರಣೆಯಲ್ಲಿ ಏನು ಹೇಳಬೇಕು ಎಂದು ಹೇಳಿಕೊಟ್ಟೆ. ಏನಾಯಿತು ಎಂದು ಕೇಳಲಿಲ್ಲ. ಅವನು ಬ್ಯಾಂಡೇಜು ನೋಡುತ್ತಾ "ಹ್ಞೂಂ" ಅಂದ.

ಆಮೇಲೆ ಅವನ ಎರಡು ಬೆರಳನ್ನು ಹೊತ್ತುಕೊಂಡು ನಲವತ್ತು ಸಭೆ ತಿರುಗಿದೆ. ಅವನನ್ನು ವೇದಿಕೆ ಹತ್ತಿಸಿ, ಆ ಕೈಯನ್ನು ನಾನೇ ಹಿಡಿದು ಎತ್ತಿ ತೋರಿಸಿದೆ. ಮುಷ್ಕರ ಗೆದ್ದೆವು. ಸರಪಳಿ ಬದಲಾಯಿತು. ಎಷ್ಟೋ ಕೈ ಉಳಿದವು. ಅದೂ ಸುಳ್ಳಲ್ಲ. ಆದರೆ ಬಡವನ ನೋವನ್ನು ಘೋಷಣೆ ಮಾಡುವುದು ಸುಲಭ ಮಗಳೇ, ಅವನ ಪಕ್ಕ ಕೂತು ಕೇಳುವುದು ಕಷ್ಟ. ಚಳವಳಿ ನನಗೆ ಸಾವಿರ ಜನರ ಕಣ್ಣಿಗೆ ಕಣ್ಣು ಕೊಡುವುದನ್ನು ಕಲಿಸಿತು. ಒಬ್ಬನ ಕಣ್ಣಿಗೆ ಕಣ್ಣು ಕೊಡಲು ನನಗೆ ಧೈರ್ಯ ಬರಲಿಲ್ಲ. ವರ್ಷವಾದ ಮೇಲೆ ಅವನು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರು ಬಿಟ್ಟ. ಎಲ್ಲಿ ಹೋದೆ ಎಂದು ನಾನು ಕೇಳಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಒಂದೇ ಸಮಾಧಾನ ಹೇಳಿಕೊಂಡಿದ್ದೇನೆ: ಅವನು ಕೈ ಎತ್ತಿದ್ದ, 'ಎತ್ತು' ಅಂದಿದ್ದ. ನಿಜವಾಗಿ ಅಂದಿದ್ದನಾ? ಗೊತ್ತಿಲ್ಲ. ಕೈ ಕಂಡಿತು. ಕೈ ಏನು ಹೇಳಿತು ಎಂದು ನಾನು ನೋಡಲಿಲ್ಲ.

ಈಗ ದಿನಕ್ಕೆ ನಲವತ್ತು ಸಲ ಅವನು ಟೋಪಿ ತೆಗೆದು ಮೇಲೆ ನೋಡುತ್ತಾನೆ ಎನ್ನುತ್ತೀಯ. ಅದು ನಿನಗೆ ಹೊಡೆಯುವ ಸಲಾಮಲ್ಲ. 'ನೋಡ್ತಿದೀಯೇನೋ?' ಎಂದು ನನ್ನನ್ನು ಕೇಳುತ್ತಿದ್ದಾನೆ. ನನ್ನ ಮೇಲಿನ ದೂರು ಅದು.

ನಿಮ್ಮಮ್ಮ ಎಲ್ಲ ಓದಿದಳು. "ಇಷ್ಟು ವರ್ಷದಲ್ಲಿ ಒಂದು ಸಲ ಹೋಗಿ ಕೇಳಿದ್ರೆ ಸಾಯ್ತಿದ್ರಾ?" ಅಂದಳು.

ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟಿದ್ದು.

ಅಪ್ಪ

*

ಆಗಸ್ಟ್ 12

ಅಪ್ಪ,

ನಿಮ್ಮ ಪತ್ರ ಮೂರು ಸಲ ಓದಿದೆ. ಸಿಟ್ಟು ಬಂತು. ಯಾವುದಕ್ಕೆ ಎಂದು ಆಮೇಲೆ ಹೇಳುತ್ತೇನೆ. ಆದರೆ ಒಂದು ವಿಷಯ ನನ್ನನ್ನು ಬಿಡಲಿಲ್ಲ. ವೆಲ್ಡರ್‌ಗೆ ಒಂದು ಕಥೆ, ಕ್ಯಾಂಟೀನ್ ಅಕ್ಕನಿಗೆ ಒಂದು, ಸೀಟಿಗೆ ಒಂದು, ನನಗೆ ಒಂದು, ಈಗ ನಿಮಗೂ ಒಂದು. ಎಲ್ಲರ ಕಥೆಯಲ್ಲೂ ಆ ಸಲಾಮು ಅವರವರ ಕಡೆಗೇ ತಿರುಗಿದೆ. ಅವರನ್ನು ಯಾರು ಕೇಳಿದ್ದಾರೆ?

ವಿಚಾರಣೆಗೆ ನಾಲ್ಕು ದಿನ ಮುಂಚೆ, ಊಟದ ಹೊತ್ತಿನಲ್ಲಿ ನಲ್ಲಿಯ ಕಟ್ಟೆಯ ಮೇಲೆ ಅವರ ಪಕ್ಕ ಹೋಗಿ ಕೂತೆ. ಬುತ್ತಿ ಬಿಚ್ಚಲಿಲ್ಲ. ಫೋನು ಗೇಟಿನಲ್ಲೇ ಕೊಟ್ಟು ಬಂದಿದ್ದೆ. ಕೈ ತೊಡೆಯ ಮೇಲಿಟ್ಟುಕೊಂಡು ಕೇಳಿದೆ.

"ಅಣ್ಣಾ, ಹೆಲ್ಮೆಟ್ ಯಾಕೆ ತೆಗೀತೀರಿ?"

ಅವರು ತುತ್ತು ಬಾಯಿಗಿಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಬೈಯೋಕೆ ಕೇಳ್ತಿದೀಯೋ, ತಿಳ್ಕೊಳ್ಳೋಕೆ ಕೇಳ್ತಿದೀಯೋ?"

"ತಿಳ್ಕೊಳ್ಳೋಕೆ."

"ಹನ್ನೊಂದು ವರ್ಷ ಆಯ್ತು ಇಲ್ಲಿಗೆ ಬಂದು. ನೀನೇ ಮೊದಲು ಕೇಳಿದ್ದು ನೋಡು."

ಎದ್ದರು. ನನ್ನನ್ನು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ ಅವರು ನಿಲ್ಲುವ ಜಾಗದಲ್ಲೇ ನಿಲ್ಲಿಸಿದರು. ಹಿಂದೆ ಅಚ್ಚುಗಳ ಸಾಲು, ಒಂದು ಹೆಜ್ಜೆ ಸರಿಯಲೂ ಜಾಗವಿಲ್ಲ. ತಮ್ಮ ಹೆಲ್ಮೆಟ್ ನನ್ನ ತಲೆಗೆ ಹಾಕಿದರು.

"ಈಗ ನಿನ್ನ ಪೆಟ್ಟಿಗೆ ನೋಡು."

ನೋಡಿದೆ. ಕಾಣಲಿಲ್ಲ. ಹೆಲ್ಮೆಟ್ಟಿನ ಮುಂದೆ ಚಾಚಿದ ಅಂಚು ಅಡ್ಡ ಬಂತು. ಕ್ರೇನಿನ ಹೊಟ್ಟೆ ಕಂಡಿತು, ಕೊಕ್ಕೆ ಕಂಡಿತು, ಕ್ರೇನಿನ ಪೆಟ್ಟಿಗೆ ಮಾತ್ರ ಇಲ್ಲ. ಇನ್ನೂ ಕತ್ತೆತ್ತಿದೆ. ಹೆಲ್ಮೆಟ್ ಹಿಂದಕ್ಕೆ ಜಾರಿ ಬಿತ್ತು. ಗಲ್ಲದ ಪಟ್ಟಿ ಹರಿದು ಹೋಗಿ ನಾಲ್ಕು ವರ್ಷವಾಯಿತಂತೆ, ಹೊಸದು ಕೇಳಿ ಕೇಳಿ ಬಿಟ್ಟಿದ್ದಾರೆ. ಪಟ್ಟಿ ಇದ್ದರೂ ಅಂಚಂತೂ ಅಲ್ಲೇ ಇರುತ್ತದೆ.

"ಅಷ್ಟೇ ಕಣಮ್ಮ. ಅದಿದ್ರೆ ನಿನ್ನ ಮುಖ ಕಾಣಲ್ಲ."

ನನಗೆ ನಗು ಬಂತು, ಅಪ್ಪ. ಅಣಕವಂತೆ, ಕೊಬ್ಬಂತೆ, ಹೆಣ್ಣಿನ ಪರೀಕ್ಷೆಯಂತೆ! ಇಡೀ ಶೆಡ್ಡು ಹನ್ನೊಂದು ವರ್ಷ ತಲೆ ಕೆಡಿಸಿಕೊಂಡಿದ್ದು ಬೆರಳಗಲದ ಪ್ಲಾಸ್ಟಿಕ್ಕಿಗೆ.

"ನಾನು ನಿಮ್ಮನ್ನ ನೋಡ್ತಾನೇ ಇರ್ತೀನಲ್ಲ ಅಣ್ಣಾ, ಸಾಲದಾ?"

"ನೀನು ನೋಡ್ತೀಯ. ನೀನು ನೋಡ್ತಿದೀಯ ಅಂತ ನನಗೆ ಗೊತ್ತಾಗಬೇಕಲ್ಲ. ನೀನೊಬ್ಬಳೇ ನೋಡಿದ್ರೆ ಅದು ಅರ್ಧ ನೋಟ. ಒಂದೊಂದು ದಿನ ನಿನ್ನ ಕಣ್ಣು ಊದಿರುತ್ತೆ, ಅವತ್ತು ನಾನು ನಿಧಾನಕ್ಕೆ ಕೈ ಆಡಿಸ್ತೀನಿ. ಏಪ್ರಿಲ್ ಕೊನೇಲಿ ಒಂದು ವಾರ ನೀನು ಯಾರ ಮೇಲೋ ಉರೀತಿದ್ದೆ. ಆ ವಾರ ಭಾರದ ಲೋಡೆಲ್ಲ ಮಧ್ಯಾಹ್ನಕ್ಕೆ ತಳ್ಳಿದ್ದೆ. ನೀನು ಗಮನಿಸಿಲ್ಲ."

ಗಮನಿಸಿರಲಿಲ್ಲ. ಆ ವಾರ ನಾನು ಉರಿಯುತ್ತಿದ್ದಿದ್ದು ಅವರ ಮೇಲೆಯೇ.

"ಮೂರು ನೋಟಿಸಿಗೆ ಉತ್ತರ ಕೊಡಲಿಲ್ವಾ ನೀವು?"

"ಮೂರಕ್ಕೂ ಬರೆದುಕೊಟ್ಟೆ. ಅಂಚು ಅಡ್ಡ ಬರುತ್ತೆ, ಅಂಚಿಲ್ಲದ್ದು ಕೊಡಿ ಅಂತ ಚಿತ್ರ ಸಮೇತ ಬರೆದೆ. 'ಸ್ವೀಕರಿಸಲಾಗಿದೆ' ಅಂತ ಸೀಲು ಹೊಡೆದರು. ಓದೋದು ಸೀಲಿನ ಕೆಲಸ ಅಲ್ಲವಲ್ಲ."

ಹತ್ತನೇ ತಾರೀಖು ವಿಚಾರಣೆಗೆ ಅವರ ಹೆಲ್ಮೆಟ್ ತೆಗೆದುಕೊಂಡು ಹೋದೆ. ಮೇಜಿನ ಹಿಂದೆ ಮೂವರು. ಮ್ಯಾನೇಜರ್ ನಡುವೆ, ಸೀಟಿ ಪಕ್ಕ, ಇನ್ನೊಬ್ಬ ಬರೆದುಕೊಳ್ಳುವವನು. ಟೈಪು ಮಾಡಿದ್ದ ಕಾಗದದ ಹಿಂಬದಿಯಲ್ಲಿ ನನ್ನ ಹೇಳಿಕೆ ಬರೆದು ಸಹಿ ಹಾಕಿ ಕೊಟ್ಟೆ: 'ಆ ನಾಲ್ಕು ಎಣಿಕೆಯಲ್ಲಿ ಅವರು ನನ್ನನ್ನು ನೋಡುತ್ತಾರೆ. ನಾನು ಅವರನ್ನು ನೋಡುತ್ತೇನೆ. ಅದಿಲ್ಲದೆ ನಾನು ಲೋಡು ಎತ್ತುವುದಿಲ್ಲ.'

ಸೀಟಿ ಕೆಂಪಾದ. "ಏನಮ್ಮಾ, ತಮಾಷೇನಾ? ರೂಲ್ಸ್ ಅಂದ್ರೆ ರೂಲ್ಸು."

"ಸರ್, ಎರಡು ನಿಮಿಷ ಬನ್ನಿ. ಈ ಹೆಲ್ಮೆಟ್ ಹಾಕ್ಕೊಂಡು ಅವರ ಜಾಗದಲ್ಲಿ ನಿಂತು ನನ್ನನ್ನ ನೋಡಿ. ಕಂಡ್ರೆ ನಿಮ್ಮ ಕಾಗದಕ್ಕೇ ಸಹಿ ಹಾಕ್ತೀನಿ."

ಯಾರೂ ಏಳಲಿಲ್ಲ. ಮ್ಯಾನೇಜರ್ ಕಿಟಕಿ ನೋಡಿದ. ಬರೆದುಕೊಳ್ಳುವವನು ಬರೆಯುವುದನ್ನು ನಿಲ್ಲಿಸಿ, ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದ. ಸಲಾಮಣ್ಣ ಕೊಟ್ಟ ಚಿತ್ರ ಫೈಲಿನಲ್ಲೇ ಇದೆ ತೆಗೆದು ನೋಡಿ ಎಂದೆ. ಹುಡುಕಿ ತೆಗೆದ. ಮೂರು ಚಿತ್ರ, ಮೂರು ಸೀಲು. ಮ್ಯಾನೇಜರ್ ಬಹಳ ಹೊತ್ತು ನೋಡಿದ. "ಆಮೇಲೆ ತಿಳಿಸ್ತೀವಿ" ಅಂದ. ಇನ್ನೂ ತಿಳಿಸಿಲ್ಲ. ಬಹುಶಃ ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸುತ್ತಾರೆ.

ಈಗ ಸಿಟ್ಟಿನ ವಿಷಯ. ನೀವು ನೋಡಲಿಲ್ಲ ಎನ್ನುವುದಕ್ಕಲ್ಲ. ಅದು ಯಾರಿಂದಲೂ ಆಗಬಹುದಿತ್ತು, ನನ್ನಿಂದ ನಾಳೆ ಆಗಬಹುದು. ಕೇಳಲಿಲ್ಲವಲ್ಲ, ಅದಕ್ಕೆ. ಆ ದಿನ ಅವರ ಕೈ ಏನು ಹೇಳುತ್ತಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅದು ನಾನು ಕೇಳುವ ಪ್ರಶ್ನೆಯಲ್ಲ. ಅವರ ವಿಳಾಸ ಈ ಕಾಗದದ ಹಿಂದೆ ಇದೆ.

ಮಗಳು

*

ಆಗಸ್ಟ್ 20

ಗೆಳೆಯಾ,

ನಾನು.

ಮಗಳು ನಿನ್ನ ವಿಳಾಸ ಕೊಟ್ಟಳು. ಇಪ್ಪತ್ತೆರಡು ವರ್ಷ ತಡವಾಗಿದೆ. ಕ್ಷಮೆ ಕೇಳುವ ಮುಂಚೆ ಕೇಳಬೇಕಾದ್ದು ಒಂದಿದೆ. ಅದನ್ನು ಕೇಳದೆ ಕ್ಷಮೆ ಕೇಳಿದರೆ ಅದೂ ಇನ್ನೊಂದು ಭಾಷಣವಾಗುತ್ತದೆ.

ಆ ದಿನ ನಿನ್ನ ಬಲಗೈ ಮೇಲೆದ್ದಿತು. ನೀನು ಏನು ಹೇಳುತ್ತಿದ್ದೆ?

ನಾನು ನೋಡುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನಿನ್ನ ಕ್ರೇನಿನವನು

*

ಸೆಪ್ಟೆಂಬರ್ 5

ಲೋ ಮಹಾರಾಯ,

ನಿನ್ನ ಕಾಗದ ಬಂತು. ಲಕೋಟೆ ನೋಡಿ ಹತ್ತು ಪುಟ ಇರುತ್ತೆ ಅಂದುಕೊಂಡು ಕನ್ನಡಕ ಒರೆಸಿ, ನೀರು ಕುಡಿದು, ಕಾಲು ಚಾಚಿ ಕೂತೆ. ಒಳಗೆ ನೋಡಿದರೆ ಬೆರಳೆಣಿಕೆ ಸಾಲು. ಹುಷಾರಿದ್ದೀಯ ತಾನೇ?

ನೀನು ಕೇಳಿದ್ದಕ್ಕೆ ಉತ್ತರ. ಏನೂ ಹೇಳುತ್ತಿರಲಿಲ್ಲ. ಕಾರ್ಖಾನೆಯವರು ಕೊಟ್ಟಿದ್ದ ಆ ಟೋಪಿ ನೆನಪಿದೆಯಾ, ಎಲ್ಲರಿಗೂ ಒಂದೇ ಅಳತೆಯದ್ದು? ನಾನು ಬಗ್ಗಿ ಎಡಗೈಯಲ್ಲಿ ಸರಪಳಿ ಸರಿಮಾಡುತ್ತಿದ್ದೆ. ಟೋಪಿ ಕಣ್ಣಿನ ಮೇಲೆ ಜಾರಿತು. ಅದನ್ನು ಹಿಂದಕ್ಕೆ ತಳ್ಳಲು ಬಲಗೈ ಎತ್ತಿದೆ. ಅಷ್ಟೇ. ಎತ್ತು ಅಂತಲೂ ಅನ್ನಲಿಲ್ಲ, ತಡಿ ಅಂತಲೂ ಅನ್ನಲಿಲ್ಲ. ಟೋಪಿ ಸರಿ ಮಾಡಿಕೊಂಡೆ.

ನೀನು ನನ್ನನ್ನು ನೋಡಲಿಲ್ಲ. ನಾನೂ ನಿನ್ನನ್ನು ನೋಡಲಿಲ್ಲ. ತಲೆಯೆತ್ತಿ ಒಂದು ಸಲ ಮೇಲೆ ನೋಡಿದ್ದರೆ ನಿನ್ನ ಗಮನ ಎಲ್ಲೋ ಇದೆ ಅಂತ ನನಗೆ ಗೊತ್ತಾಗುತ್ತಿತ್ತು. ಕೈ ಹಾಕುತ್ತಿರಲಿಲ್ಲ. ಒಂಬತ್ತು ವರ್ಷ ಕಾದವನು ಇವತ್ತೂ ಕಾಯುತ್ತಾನೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಇದನ್ನೇ ಹೇಳಬೇಕು ಅಂತಿದ್ದೆ. ನೀನು ಮಾತು ನಿಲ್ಲಿಸಲಿಲ್ಲ.

ನನ್ನ ಸಲಾಮು ನಿನ್ನ ಮೇಲಿನ ದೂರು ಅಂತ ನಿನ್ನ ಮಗಳಿಗೆ ಬರೆದಿದ್ದೀಯಂತೆ. ಎಲ್ಲದರಲ್ಲೂ ನೀನೇ ಮಧ್ಯದಲ್ಲಿ ನಿಲ್ಲಬೇಕಲ್ಲ ನಿನಗೆ! ಅದು ನಿನಗಲ್ಲ ಕಣೋ. ನನಗೆ ನಾನೇ ಕಲಿಸಿಕೊಂಡ ಪಾಠ. ಈ ತಲೆ ತಾನಾಗಿ ಏಳುವುದಿಲ್ಲ, ಎತ್ತಬೇಕು.

ನಿನ್ನ ಭಾಷಣದಲ್ಲಿ ಸುಳ್ಳು ಕಡಿಮೆ ಇತ್ತು. ಸರಪಳಿ ಸವೆದಿದ್ದು ನಿಜ, ಅವರು ಕಟುಕರು ಅನ್ನುವುದೂ ನಿಜ. ನಾವಿಬ್ಬರು ಮಾತ್ರ ಅದರಲ್ಲಿ ಇರಲಿಲ್ಲ. ನಲವತ್ತು ವೇದಿಕೆಯ ಮೇಲೆ ಕೂತು ನಾನು ಕಾಯುತ್ತಿದ್ದೆ, ಇವತ್ತಾದರೂ ಬರುತ್ತೇವೇನೋ ಅಂತ. ಬರಲಿಲ್ಲ. ಅದಕ್ಕೇ ಎದ್ದು ಬಂದೆ.

ಇಲ್ಲಿಯ ಸುದ್ದಿ. ಮೊನ್ನೆ ಅಂಚಿಲ್ಲದ ಹೆಲ್ಮೆಟ್ ಬಂತು, ಗಲ್ಲದ ಪಟ್ಟಿ ಸಮೇತ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತಪ್ಪಾಯಿತು ಅಂತ ಒಬ್ಬನೂ ಅನ್ನಲಿಲ್ಲ, ಮೂರು ಎಚ್ಚರಿಕೆಯೂ ಫೈಲಿನಲ್ಲಿ ಹಾಗೇ ಇವೆ. ನಿನ್ನ ಮಗಳಿಗೆ ಕಾಯಂ ಆರ್ಡರ್ ಮೂರು ತಿಂಗಳು ಮುಂದೆ ಹಾಕಿದ್ದಾರೆ, ಬಾಯಿಜೋರು ಅಂತ. ಕ್ಯಾಮೆರಾ ಕೂಡ ಬಂತು. ಅವಳು ಪರದೆಯ ಮೇಲೆ ಕೈ ಒರೆಸುವ ಬಟ್ಟೆ ನೇತುಹಾಕಿದ್ದಾಳೆ. ಸೀಟಿ ದಿನಾ ಊದುತ್ತಾನೆ.

ಈಗ ಹೆಲ್ಮೆಟ್ ತೆಗೆಯುವ ಅಗತ್ಯವಿಲ್ಲ. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿ ತಲೆಗೆ ಹೋಗಿ ವಾಪಸು ಬರುತ್ತೆ. ಅವಳು ಮೇಲಿನಿಂದ ಅದನ್ನು ನೋಡಿ ನಗುತ್ತಾಳೆ. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡುತ್ತಾಳೆ. ಈಗ ಎಣಿಸುವವಳು ಅವಳಲ್ಲ, ನಾನು. ಮೊನ್ನೆ ಏಳರವರೆಗೂ ಹೋಯಿತು.

ಭಾನುವಾರ ನನಗೆ ರಜ. ಬಾ. ಕಿವಿ ಕೇಳಿಸುವುದಿಲ್ಲವಂತೆ ನಿನಗೆ. ಒಳ್ಳೆಯದಾಯಿತು, ಮಾತಿನ ಕೆಲಸವಿಲ್ಲ. ನಲವತ್ತು ಸಲ ನೀನು ಈ ಕೈ ಹಿಡಿದು ಮೇಲೆತ್ತಿದೆ, ನಲವತ್ತು ಸಲವೂ ಜನರನ್ನು ನೋಡುತ್ತಾ ನಿಂತಿದ್ದೆ. ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಿರುತ್ತೇನೆ.

ಈ ಸಲ ಎತ್ತಬೇಡ. ನೋಡು.

ನಿನ್ನ ಕೆಳಗಿನವನು